ಸದ್ದಿಲ್ಲದ ಆಟಿಗೆಗಳು

ಹಾನಗಲ್ಲಿನ ಸಂತೆಯಲ್ಲಿ ಬೆಲ್ಲದ ಪೆಂಟೆಯೊಂದನ್ನು ಮೂಸಿ ನೋಡಿ, ಅದರ ಗುಣದೋಷಗಳ ಬಗ್ಗೆ ಘನವಾದ ತೀರ್ಪು ಕೊಡಲು ನಾನು ಗಂಟಲು ಸರಿಪಡಿಸಿಕೊಳ್ಳುತ್ತಿದ್ದಾಗ ಬಂಕಾಪುರದ ಪತ್ತಾರ ಎದುರಿಗೆ ಬಂದು ನಿಂತ. ಬಂಕಾಪುರದಲ್ಲಿ ನಾನು ಮಾಸ್ತರನಾಗಿದ್ದಾಗ ಅವನದು ನಮ್ಮ ಎದುರು ಮನೆ. ಬಂಗಾರದ ಕೆಲಸ ಮಾಡಿ ಮಾಡಿ ಕಣ್ಣು ಮಂಜಾಗಿ, ಈಗ ಮನುಷ್ಯರನ್ನು ಹತ್ತಿರಕ್ಕೆ ಬಂದು ಒರೆಗೆ ಹಚ್ಚುವವನಂತೆ ನೋಡುತ್ತಾನೆ.

"ಅಕ್ಕಾರು ಹ್ವಾದ್ರರೀ, ಮಾಸ್ತರ," ಅಂದ.

ಯಾವ ಅಕ್ಕಾರು ಎಂದು ನಾನು ಕೇಳಲಿಲ್ಲ. ಬೆಲ್ಲವನ್ನು ಕೆಳಗಿಟ್ಟೆ.

"ಇನ್ನ ನನಗ ಯಾರೂ ಕೇಳೂದಿಲ್ಲ. ಆರಾಮ ಆತು," ಎಂದು ನಕ್ಕ ಆ ಮುದುಕ, ಧೋತರದ ತುದಿಯಿಂದ ಕಣ್ಣೊರೆಸಿಕೊಂಡ. ಏನು ಕೇಳುವುದಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ. ಬೆಲ್ಲ ಕೊಳ್ಳದೆ ಮನೆಗೆ ಬಂದೆ, ಅದಕ್ಕೆ ಮನೆಯಲ್ಲಿ ಆದ ವಿಚಾರಣೆಯನ್ನು ಹೇಳುವುದಿಲ್ಲ.

ಅಕ್ಕಾರ ಹೆಸರು ನನಗೆ ಗೊತ್ತಿಲ್ಲ. ಅವರ ಮನೆಯ ಮುಂದಿನ ಕೋಣೆಯಲ್ಲಿ ವರ್ಷಗಟ್ಟಲೆ ಬಾಡಿಗೆಗಿದ್ದು, ಅವರ ಕೈಯ ರೊಟ್ಟಿ ತಿಂದು, ಅವರ ಬಾವಿಯ ನೀರು ಕುಡಿದು, ಹೆಸರು ಗೊತ್ತಿಲ್ಲವೆಂದರೆ ಇಂದಿನವರು ನಂಬಲಾರರು. ಅಂದಿನ ಮರ್ಯಾದೆಯ ಪ್ರಕಾರ ಗಂಡನ ಹೆಸರು ಊರಿಗೆಲ್ಲ ಗೊತ್ತಿರಬೇಕು, ಹೆಂಡತಿಯ ಹೆಸರು ಗಂಡನಿಗೆ ಗೊತ್ತಿದ್ದರೆ ಸಾಕು. ಯಜಮಾನರು ಕೂಡ "ಇಕೀನ, ಇಲ್ಲೆ" ಎಂದೇ ಕರೆಯುತ್ತಿದ್ದರು. ಅವರಿಗೂ ಮರೆತಿತ್ತೋ ಏನೋ. ಊರಿಗೆ ಅವರು ಅಕ್ಕಾರು, ನಮಗೂ ಅಕ್ಕಾರು.

ನಾನು ಆ ಮನೆಗೆ ಹೋದದ್ದು ಮೂವತ್ತರ ದಶಕ ಅರ್ಧ ದಾಟಿದ ಮೇಲೆ, ಶಿಗ್ಗಾವಿಯಿಂದ ವರ್ಗವಾಗಿ. ಹೊಲ, ದನ, ಆಳು ಎಲ್ಲ ಇದ್ದ ಲಿಂಗವಂತ ಮನೆತನ. ಮೇಲೆ ಮಣ್ಣಿನ ಮಾಳಿಗೆ, ಒಳಗೆ ಕಲ್ಲುಹಾಸಿನ ದೊಡ್ಡ ಪಡಸಾಲೆ, ಅದರ ಒಂದು ಮಗ್ಗುಲಿಗೆ ಆಳೆತ್ತರದ ಜೋಳದ ಕಣಜಗಳು. ನಮ್ಮ ಕೋಣೆಗೂ ಪಡಸಾಲೆಗೂ ನಡುವೆ ಒಂದು ಹೊಸ್ತಿಲು. ಅಕ್ಕಾರು ಎತ್ತರದ ಹೆಂಗಸು. ಹಣೆಯ ಮೇಲೆ ವಿಭೂತಿ, ಕೈ ಯಾವಾಗಲೂ ಒದ್ದೆ. ಮಾತನಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಅವರ ಮುಂದೆ ನಿಂತಾಗಲೆಲ್ಲ ನನ್ನ ಉಗುರು ಬೆಳೆದಿರುವುದು ನನಗೆ ನೆನಪಾಗುತ್ತಿತ್ತು.

ಹೋದ ಮರುದಿನ ಬೆಳಗ್ಗೆ ಹೊಸ್ತಿಲಿನ ಮೇಲೆ ನಿಂತು ನೋಡಿದರೆ ಪಡಸಾಲೆಯ ತುಂಬ ಕೂಸುಗಳ ಆಟಿಗೆ ಹರಡಿತ್ತು. ಅಂಗಡಿಯಲ್ಲಿ ಸಿಗುವ ಆಟಿಗೆಗಳಲ್ಲ. ಒಂದು ಪರಾತದಲ್ಲಿ ನೆನೆಸಿದ ಸಾಬುದಾಣಿ, ಮುತ್ತಿನ ಹಾಗೆ, ಮುಟ್ಟಿದರೆ ಜಾರುವಂಥದು. ಇನ್ನೊಂದರಲ್ಲಿ ಕಾಮಕಸ್ತೂರಿ ಬೀಜ ನೀರಿನಲ್ಲಿ ಉಬ್ಬಿ ಲೋಳೆಲೋಳೆಯಾಗಿ ಕುಳಿತಿತ್ತು. ಮೊರದ ತುಂಬ ನವಣೆ. ಬುಟ್ಟಿಯ ತುಂಬ ಬೀಜ ತೆಗೆದ ಹತ್ತಿ. ಗೋದಿಯ ಕಣಕವನ್ನು ಎಣ್ಣೆ ಹಚ್ಚಿ ನಾದಿ, ಒಂದು ಮುದ್ದೆಗೆ ಅರಿಶಿಣ, ಒಂದಕ್ಕೆ ಬಸಳೆ ಹಣ್ಣಿನ ರಸ, ಒಂದಕ್ಕೆ ಮೆಂತ್ಯ ಸೊಪ್ಪಿನ ರಸ ಹಾಕಿ, ಒದ್ದೆ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ನಡುವೆ ಒಂದು ಕೌದಿ. ಅಂಥ ಕೌದಿಯನ್ನು ನಾನು ಆಮೇಲೆ ಎಲ್ಲಿಯೂ ನೋಡಲಿಲ್ಲ. ಒಂದು ತುಂಡು ಖಣ, ಒಂದು ಕಂಬಳಿ, ಒಂದು ಗೋಣಿತಟ್ಟು, ಒಂದು ರೇಷ್ಮೆ, ಒಂದು ನೂರು ಸಲ ಒಗೆದು ಮೆತ್ತಗಾದ ಧೋತರ. ಅದರ ಮೇಲೆ ಅಂಬೆಗಾಲಿಡುವ ಕೂಸಿನ ಅಂಗೈಗೆ ಒಂದು ಗೇಣಿಗೆ ಒಂದು ದೇಶ ಸಿಗಬೇಕು, ಹಾಗೆ ಹೊಲಿದದ್ದು. ಮೂಲೆಗಳಿಗೆ ಮೂರು ಪದರದ ಸಣ್ಣ ಗಂಟುಗಳು, ಒಂದರಲ್ಲಿ ಅಜವಾನದ ವಾಸನೆ, ಒಂದರಲ್ಲಿ ಲವಂಗದ್ದು. ಪಕ್ಕದಲ್ಲಿ ಊರ ಕೋಟೆಯ ಕಂದಕದಿಂದ ಆರಿಸಿ ತಂದು ತೊಳೆದ ನವಿಲುಗರಿ.

"ಮೊಮ್ಮಕ್ಕಳು ಬರಾವ್ರ ಅದಾರೇನ್ರಿ, ಅಕ್ಕಾರ?" ಎಂದೆ.

"ಇಲ್ರಿ."

"ಮತ್ತ ಇದೆಲ್ಲಾ ಯಾರಿಗಿ?"

"ಕೂಸಿಗಿರಿ."

"ಯಾವ ಕೂಸಿಗಿ?"

ಅವರು ನವಣೆಯ ಮೊರವನ್ನು ಸ್ವಲ್ಪ ಬೆಳಕಿನ ಕಡೆಗೆ ಸರಿಸಿದರು. "ಯಾವುದರ ಬರಬೌದಲ್ರಿ," ಅಂದರು.

ಆ ದಿನ ಯಾವ ಕೂಸೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಸಂಜೆಗೆ ಅಕ್ಕಾರು ಎಲ್ಲವನ್ನೂ ತೆಗೆದಿಡುತ್ತಿದ್ದರು. ಹಳಸುವುದನ್ನು ದನಕ್ಕೆ ಹಾಕುತ್ತಿದ್ದರು, ಹಳಸದ್ದನ್ನು ಜಾಡಿಸಿ ಮಡಚುತ್ತಿದ್ದರು. ಬೆಳಗಾದರೆ ಮತ್ತೆ ಹೊಸ ಕಣಕ, ಹೊಸ ಸಾಬುದಾಣಿ. ಯಾವ ಉಪವಾಸವೂ ಇಲ್ಲದೆ ದಿನಾ ಸಾಬುದಾಣಿ ನೆನೆಯುತ್ತಿದ್ದ ಮನೆ ಇಡೀ ಬಂಕಾಪುರದಲ್ಲಿ ಅದೊಂದೇ. ಆ ದನಗಳಿಗೆ ಸಿಕ್ಕ ಫರಾಳ ನವಾಬರ ಸವಣೂರಿನಲ್ಲಿ ಕುದುರೆಗಳಿಗೂ ಸಿಕ್ಕಿರಲಾರದು.

ಯಜಮಾನರು ಮುಂದಿನ ಬಾಗಿಲಿನಿಂದ ಒಳಗೆ ಬರುತ್ತಿರಲಿಲ್ಲ. ಹೊಲದಿಂದ ಬಂದವರು ಮನೆಯನ್ನೊಂದು ಸುತ್ತು ಹಾಕಿ ಹಿತ್ತಲ ಬಾಗಿಲಿನಿಂದ ಅಡಿಗೆಮನೆಗೆ ಹೋಗಿ, ಉಂಡು, ಅದೇ ದಾರಿಯಿಂದ ಹೊರಗಿನ ಕಟ್ಟೆಗೆ ಬಂದು ಕೂರುತ್ತಿದ್ದರು. ಪಡಸಾಲೆಯನ್ನು ತುಳಿಯುತ್ತಿರಲಿಲ್ಲ. ಇದು ಯಾವುದೋ ವ್ರತವಿರಬೇಕೆಂದು ನಾನು ಬಹಳ ದಿನ ಗೌರವದಿಂದ ನಂಬಿದ್ದೆ.

ಅಕ್ಕಾರ ಆಟಿಗೆಗಳಿಗೆ ಒಂದು ಕಾಯಿದೆ ಇತ್ತು. ಒಂದೋ ಅದು ಹೊಟ್ಟೆಗೆ ಹೋದರೂ ಏನೂ ಆಗಬಾರದು, ಇಲ್ಲವೇ ಬಾಯಿಗೇ ಹಿಡಿಸಬಾರದು. ಮೂರನೆಯ ದರ್ಜೆ ಇರಲಿಲ್ಲ. "ಕೂಸಿಗಿ ಕಣ್ಣ ಬಾಯಾಗ ಇರತಾವ್ರಿ, ಮಾಸ್ತರ," ಎನ್ನುತ್ತಿದ್ದರು. "ನೀವು ನೋಡಿ ತಿಳಕೋತೀರಿ, ಅದು ನೆಕ್ಕಿ ತಿಳಕೋತೈತಿ." ಅದಕ್ಕೆ ಪ್ರತಿಯೊಂದನ್ನೂ ಮೊದಲು ತಮ್ಮ ಬಾಯಿಗೆ ಹಾಕಿ ನೋಡುತ್ತಿದ್ದರು. ಕೌದಿಯ ಒಂದೊಂದು ಹೊಲಿಗೆಯನ್ನೂ ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದರು. ನವಿಲುಗರಿಯ ತುದಿಯನ್ನು ಕೆನ್ನೆಗೆ ಒತ್ತಿ, ಆಮೇಲೆ ತುಟಿಗೆ ಒತ್ತಿ, ಆಮೇಲೆ ಕಣ್ಣು ಮುಚ್ಚಿ ನಾಲಿಗೆಗೆ ಒತ್ತಿ ನೋಡುತ್ತಿದ್ದರು. ಅವರು ಹಾಗೆ ಪರೀಕ್ಷೆ ಮಾಡುವಾಗ ಶಾಲೆಯ ತಪಾಸಣೆಗೆ ಬರುವ ಡೆಪ್ಯೂಟಿ ಸಾಹೇಬರು ನನಗೆ ಬಹಳ ಸಡಿಲ ಮನುಷ್ಯರಾಗಿ ಕಾಣುತ್ತಿದ್ದರು.

ಒಮ್ಮೆ ನನ್ನನ್ನೂ ಪರೀಕ್ಷಕನಾಗಿ ನೇಮಿಸಿದರು.

"ಇದನ್ನ ಒಂದೀಟು ತಿಂದ ನೋಡ್ರಿ," ಎಂದು ಹಸಿರು ಕಣಕದ ಉಂಡೆ ಹಿಡಿದರು.

"ಹಸೀ ಹಿಟ್ಟೇನ್ರಿ?"

"ಕೂಸು ತಿಂದ್ರ ನಡೀತೈತಿ, ಮಾಸ್ತರ ತಿಂದ್ರ ನಡಿಯಂಗಿಲ್ಲೇನು?"

ತಲೆಗೆ ರುಮಾಲು ಸುತ್ತಿ, ಕೋಟಿನ ಗುಂಡಿ ಹಾಕಿ ಶಾಲೆಗೆ ಹೊರಟಿದ್ದ ನಾನು, ಶಿಕ್ಷಣ ಖಾತೆಯ ಸಮಸ್ತ ಘನತೆಯೊಡನೆ ಹಸಿರು ಹಿಟ್ಟು ಜಗಿದೆ. ಅಕ್ಕಾರು ನನ್ನ ಗಂಟಲನ್ನೇ ನೋಡುತ್ತ ನಿಂತಿದ್ದರು. ನುಂಗಿದೆ. ಆದರೂ ನೋಡುತ್ತಿದ್ದರು. ನಾನು ಬೀದಿಗೆ ಇಳಿದು ತಿರುಗುವ ತನಕ ನೋಡುತ್ತಿದ್ದರು. ಸಂಜೆ ಮರಳಿದಾಗ ಹೊಸ್ತಿಲಿನಲ್ಲೇ ಕೇಳಿದರು, "ಹೊಟ್ಟಿ ಆರಾಮ ಐತೇನ್ರಿ?" ನಗಬೇಕೆಂದುಕೊಂಡೆ. ಅವರ ಮುಖ ನೋಡಿ ನಗಲಿಲ್ಲ.

ಸಂಗತಿ ತಿಳಿದದ್ದು ನನ್ನ ಹೆಂಡತಿಯಿಂದ. ಅವಳಿಗೆ ತಿಳಿದದ್ದು ಬಾವಿಯ ಕಟ್ಟೆಯಲ್ಲಿ. ಅವಳಾಗ ಬಸುರಿ.

"ಈ ಮನಿ ಬ್ಯಾಡ್ರಿ. ಬ್ಯಾರೆ ನೋಡ್ರಿ," ಎಂದು ಬಿಂದಿಗೆ ಕುಕ್ಕಿದಳು.

"ಯಾಕ, ಏನಾತು?"

"ಅಕ್ಕಾರ ಕೂಸು ಸತ್ತದ್ದು ಅಕ್ಕಾರ ಮಾಡಿದ ಗಿಲಕಿಯಿಂದಂತ್ರಿ."

ಇಪ್ಪತ್ತು ವರ್ಷದ ಹಿಂದಿನ ಮಾತಂತೆ. ಆಗಷ್ಟೇ ಹೆಜ್ಜೆ ಹಾಕುತ್ತಿದ್ದ ಒಬ್ಬನೇ ಮಗ, ಬಾಯಲ್ಲಿ ನಾಲ್ಕು ಹಲ್ಲು. ಯಜಮಾನರು ಹೊಲದಿಂದ ಒಂದು ಪುಟ್ಟ ಸೋರೆ ಬುರುಡೆ ತಂದು ಕೊಟ್ಟರು. ಅಕ್ಕಾರು ಅದನ್ನು ಒಣಗಿಸಿ ಗಿಲಕಿ ಮಾಡಲು ಕುಳಿತರು. ಜೋಳ ಹಾಕಿ ಅಲ್ಲಾಡಿಸಿದರು, ಸದ್ದು ಮೆತ್ತಗಾಯಿತು. ಹುಣಸೆ ಬೀಜ ಹಾಕಿದರು, ಒರಟಾಯಿತು. ಎದುರು ಮನೆಯ ಪತ್ತಾರ ತನ್ನ ಗುಲಗಂಜಿ ಹಾಕಿ ನೋಡಿರೆಂದ. ಅವನ ತಕ್ಕಡಿಯಲ್ಲಿ ಊರಿನ ಬಂಗಾರವೆಲ್ಲ ತೂಗುತ್ತಿದ್ದದ್ದು ಅದೇ ಕೆಂಪು ಕಾಳಿನಿಂದ. ಬಂಗಾರ ತೂಗುವಾಗ ಉಸಿರು ಬಿಗಿಹಿಡಿಯುತ್ತಿದ್ದ ಮನುಷ್ಯ, ಅಂದು ಗುಲಗಂಜಿಯ ಡಬ್ಬಿಗೆ ಕೈಹಾಕಿ, ತೂಗದೆ, ಎಣಿಸದೆ, ಪ್ರೀತಿಯಿಂದ ಒಂದು ಹಿಡಿ ಕೊಟ್ಟ. ಗಿಲಕಿಗೆ ಗೆಜ್ಜೆಯ ಸದ್ದು ಬಂತು. ಬಾಯಿಗೆ ಅರಗು ಹಾಕಿ ಮುಚ್ಚಿದರು.

ಮಗು ಅದನ್ನು ಕಲ್ಲುಹಾಸಿಗೆ ಬಡಿಯಿತು. ಬುರುಡೆ ಒಡೆಯಿತು. ರೊಟ್ಟಿ ಬಡಿಯುತ್ತಿದ್ದ ಅಕ್ಕಾರು ಓಡಿ ಬಂದಾಗ ಪಡಸಾಲೆಯ ತುಂಬ ಕೆಂಪು ಕಾಳು, ನಡುವೆ ನಗುತ್ತ ಕೂತ ಮಗ. ಬಾಯಿ ತೆರೆಸಿ ಬೆರಳು ಹಾಕಿ ನೋಡಿದರು, ಏನೂ ಇರಲಿಲ್ಲ. ಕಣಜಗಳ ಕೆಳಗೆ ಕಡ್ಡಿ ಹಾಕಿ ಒಂದೊಂದೇ ಕಾಳು ಆರಿಸಿದರು. ಮರುದಿನ ಕೂಸಿಗೆ ವಾಂತಿ ಶುರುವಾಯಿತು. ಅದರ ಮರುದಿನ ಹೋಯಿತು.

ಗುಲಗಂಜಿಯನ್ನು ಇಡಿಯಾಗಿ ನುಂಗಿದರೆ ಹಾಗೆಯೇ ಹೊರಗೆ ಬೀಳುತ್ತದೆ ಎನ್ನುತ್ತಾರೆ, ಅಗಿದರೆ ವಿಷ. ಆದರೆ ಆ ವಾರ ಊರಿನಲ್ಲಿ ವಾಂತಿಭೇದಿಯೂ ಇತ್ತು. ಅದೇ ಓಣಿಯಲ್ಲಿ ಇನ್ನೆರಡು ಮನೆಗಳಿಂದ ಹೆಣ ಹೊರಟಿದ್ದವು. ಡಾಕ್ಟರು ವಾಂತಿಭೇದಿ ಎಂದರು. ಹಕೀಮರು, ಏನಾದರೂ ತಿಂದಿತ್ತೇನು ಎಂದು ಕೇಳಿದರು. ಒಬ್ಬರು ಹೇಳಿ ಹೋದರು, ಒಬ್ಬರು ಕೇಳಿ ಹೋದರು. ಅಕ್ಕಾರಿಗೆ ಉಳಿದದ್ದು ಕೇಳಿದ್ದು.

ಊರಿನ ತಾಯಂದಿರು ಮಾತ್ರ ತೀರ್ಪು ಕೊಟ್ಟುಬಿಟ್ಟಿದ್ದರು. ಅಕ್ಕಾರ ಕೈಯ ರೊಟ್ಟಿ ಆಗುತ್ತಿತ್ತು, ಹಬ್ಬಕ್ಕೆ ಅವರ ಕೈಯ ಹೋಳಿಗೆಯೂ ಆಗುತ್ತಿತ್ತು. ಆದರೆ ತೆಕ್ಕೆಯಲ್ಲಿ ಕೂಸಿದ್ದವಳು ಆ ಬಾಗಿಲು ಬಂದಾಗ ಕೂಸನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿ ಹೋಗುತ್ತಿದ್ದಳು. ಅಕ್ಕಾರು ಅದನ್ನು ನೋಡುತ್ತಿದ್ದರು. ಯಾರನ್ನೂ ಕರೆಯಲಿಲ್ಲ, ಯಾರ ಮೇಲೂ ಸಿಟ್ಟಾಗಲಿಲ್ಲ. ಪಡಸಾಲೆಯಲ್ಲಿ ಎಲ್ಲವನ್ನೂ ಹರಡಿ ಬಾಗಿಲು ತೆರೆದಿಡುತ್ತಿದ್ದರು. ಒಂದು ಕೂಸು ಬಂದು, ತಾವು ಮಾಡಿದ್ದನ್ನು ಮುಟ್ಟಿ, ಬಾಯಿಗೆ ಹಾಕಿಕೊಂಡು, ನಗುತ್ತ ತಾಯಿಯ ಕಡೆಗೆ ಹೋಗಬೇಕು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಆಮೇಲೆ ನನ್ನ ಗಮನಕ್ಕೆ ಬಂತು. ಪಡಸಾಲೆಯಲ್ಲಿ ಮೆತ್ತಗಿನದು, ಒರಟಿನದು, ತಂಪಿನದು, ವಾಸನೆಯದು, ಬಣ್ಣದ್ದು ಎಲ್ಲ ಇತ್ತು. ಸದ್ದು ಮಾಡುವಂಥದು ಒಂದೂ ಇರಲಿಲ್ಲ. ಕೋಟೆಯ ಕಡೆಯಿಂದ ನವಿಲು ಕೂಗಿದಾಗ ಮಾತ್ರ ಆ ಮನೆಯಲ್ಲಿ ಸದ್ದಾಗುತ್ತಿತ್ತು. ಆಗ ಅಕ್ಕಾರು ಮಾಡುತ್ತಿದ್ದ ಕೆಲಸ ಬಿಟ್ಟು ಒಂದು ಕ್ಷಣ ನೆಲ ನೋಡುತ್ತಿದ್ದರು.

ನಮ್ಮ ಮಗಳು ಶಾಂತಿ ಹುಟ್ಟಿದಳು. ತವರಿನಿಂದ ಬಾಣಂತನ ಮುಗಿಸಿ ಬಂದ ದಿನದಿಂದ ನನ್ನ ಹೆಂಡತಿ ಆ ಹೊಸ್ತಿಲಿಗೆ ಒಂದು ಹಲಗೆ ಅಡ್ಡ ಇಟ್ಟಳು. ಬೇರೆ ಮನೆ ನೋಡಲು ನನಗೆ ಆಜ್ಞೆಯಾಗಿತ್ತು. ನಾನು ನೋಡುತ್ತಲೇ ಇದ್ದೆ. ಬಂಕಾಪುರದಲ್ಲಿ ಒಬ್ಬ ಮಾಸ್ತರನಿಗೆ ಎಷ್ಟು ದಿನವಾದರೂ ಮನೆ ಸಿಗದೆ ಇರುವುದು ಸಾಧ್ಯವೆಂದು ನಾನು ಸಾಧಿಸಿ ತೋರಿಸಿದೆ.

ಕೂಸು ಅಂಬೆಗಾಲಿಡತೊಡಗಿದಾಗ ಅಕ್ಕಾರು ಮೊದಲ ಸಲ ಬಾಯಿಬಿಟ್ಟರು. ನನ್ನ ಹೆಂಡತಿಗಲ್ಲ, ನನಗೆ.

"ಹೊಸ್ತಿಲ ಮಟಾ ಬಿಡ್ರಿ ಸಾಕು. ನಾ ಮುಟ್ಟೂದಿಲ್ಲ. ದೂರ ಕುಂದರತೇನಿ."

ನಾನು ರಾಯಭಾರಿಯಾಗಿ ನಮ್ಮ ಕೋಣೆಗೆ ಹೋದೆ. ಸಂಧಾನ ಬಹಳ ಹೊತ್ತು ನಡೆಯಲಿಲ್ಲ.

"ನೀವು ಹಡದೀರೇನು?" ಎಂದಳು ನನ್ನ ಹೆಂಡತಿ.

ನಾನು ಪಡಸಾಲೆಗೆ ಮರಳಿ ಬಂದಾಗ ಅಕ್ಕಾರೇ "ಇರ್ಲಿ ಬಿಡ್ರಿ" ಎಂದರು. "ಆಕೀದೂ ಖರೇನ ಐತಿ. ನಾ ಇದ್ರೂ ಬಿಡತಿದ್ದಿಲ್ಲ."

ಒಂದು ರವಿವಾರ ಹೆಂಡತಿ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕೂಸಿನ ಮೇಲೆ ಕಣ್ಣಿಡುವ ಹೊಣೆ ನನ್ನದು. ನಾನು ವರ್ತಮಾನಪತ್ರಿಕೆ ಹಿಡಿದು ಯುರೋಪಿನ ಮೇಲೆ ಕಣ್ಣಿಟ್ಟಿದ್ದೆ. ಜರ್ಮನಿಯ ದಂಡು ಯಾವುದೋ ಗಡಿ ದಾಟಿದ ಸುದ್ದಿಯನ್ನು ಚಿಂತೆಯಿಂದ ಓದುತ್ತಿದ್ದಾಗ ನಮ್ಮ ಶಾಂತಿ ಹಲಗೆ ಉರುಳಿಸಿ ಹೊಸ್ತಿಲು ದಾಟಿದಳು.

ಹೆಂಡತಿಯ ಕೂಗಿಗೆ ತಲೆ ಎತ್ತಿದೆ. ಒಗೆಯುವುದನ್ನು ಬಿಟ್ಟು ಬಂದವಳು ಖಾಲಿ ಹಾಸಿಗೆ ನೋಡಿ ಕೂಗಿದ್ದಳು. ಪಡಸಾಲೆಯಲ್ಲಿ ಶಾಂತಿ ಕೌದಿಯ ಕಂಬಳಿಯ ತುಂಡಿನ ಮೇಲೆ ಕೂತು ಮೊರದಲ್ಲಿದ್ದ ಜೋಳದ ಅರಳಿನಲ್ಲಿ ಎರಡೂ ಕೈ ಮುಳುಗಿಸಿದ್ದಳು. ಬಾಯಿ ಆಡುತ್ತಿತ್ತು. ಅಕ್ಕಾರು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಎರಡೂ ಕೈ ಮೇಲೆತ್ತಿ, ಮುಟ್ಟಿಲ್ಲವೆಂದು ಯಾರಿಗೋ ತೋರಿಸುವವರ ಹಾಗೆ. ಬೆವರು ಇಳಿದು ವಿಭೂತಿ ಕರಗಿ ಹುಬ್ಬಿನ ಮೇಲೆ ಹರಿದಿತ್ತು.

"ನೋಡವ್ವಾ ತಂಗಿ," ಎಂದರು. "ಬಾಯಾಗ ಏನೈತಿ ನೋಡು. ನನಗ ನೋಡಾಕ ಆಗವಲ್ದು. ಏನೈತಿ ನೋಡು ಬಾಯಾಗ."

ಹೆಂಡತಿ ಕೂಸಿನ ಬಾಯಿಗೆ ಬೆರಳು ಹಾಕಿದಳು. ನೆನೆದ ಒಂದು ಅರಳು ಸಿಕ್ಕಿತು.

"ಅರಳ್ರಿ, ಅಕ್ಕಾರ."

"ಇನ್ನೇನೈತಿ?"

"ಏನಿಲ್ರಿ. ಅರಳು ಅಷ್ಟ."

"ಸರಿಯಾಗಿ ನೋಡವ್ವಾ."

ಅಕ್ಕಾರು ಗೋಡೆ ಹಿಡಿದು ಜಾರಿ ಕೆಳಗೆ ಕುಳಿತರು. ನನ್ನ ಹೆಂಡತಿ ಕೂಸನ್ನು ಎತ್ತಿಕೊಂಡು ಹೊರಡುತ್ತಾಳೆಂದುಕೊಂಡೆ. ಅವಳು ಹೊರಟಳು ಕೂಡ. ಹೊಸ್ತಿಲ ತನಕ ಹೋಗಿ ನಿಂತಳು. ಏನೆಂದುಕೊಂಡಳೋ, ತಿರುಗಿ ಬಂದು ಮೊರದ ಮುಂದೆ ಕುಳಿತು, ಒಂದು ಮುಷ್ಟಿ ಅರಳು ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ಕೂಸನ್ನು ಕೌದಿಯ ಮೇಲೆ ಬಿಟ್ಟಳು.

"ಉಪ್ಪ ಕಡಿಮಿ ಆಗೇತ್ರಿ, ಅಕ್ಕಾರ," ಎಂದಳು.

ಹಲಗೆ ಆ ದಿನವೇ ಒಲೆಗೆ ಹೋಯಿತು. ಮನೆ ನೋಡುವ ಆಜ್ಞೆಯೂ ಸದ್ದಿಲ್ಲದೆ ರದ್ದಾಯಿತು.

ಆಮೇಲೆ ಶಾಂತಿ ಬೆಳೆದದ್ದೆಲ್ಲ ಆ ಪಡಸಾಲೆಯಲ್ಲಿ. ಸಾಬುದಾಣಿಯ ಪರಾತದಲ್ಲಿ ಕೂತು ಜಾರಿದಳು. ಕಾಮಕಸ್ತೂರಿಯ ಲೋಳೆಯನ್ನು ನನ್ನ ರುಮಾಲಿಗೆ ಬಳಿದಳು, ಆ ರುಮಾಲನ್ನು ಸುತ್ತಿಕೊಂಡು ನಾನು ಭೂಗೋಳ ಕಲಿಸಿದೆ. ಅರಿಶಿಣದ ಕಣಕ ತಿಂದು ತಿಂದು ಅವಳ ತುಟಿ ಮದುಮಗಳ ಹಾಗೆ ಹಳದಿಯಾಗಿರುತ್ತಿತ್ತು. ಅಕ್ಕಾರು ಮೊದಲು ಗೋಡೆಯ ಹತ್ತಿರವೇ ಕೂರುತ್ತಿದ್ದರು. ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಸರಿದು ಕೌದಿಯ ಅಂಚಿಗೆ ಬಂದರು. "ಖೋಡಿ, ಎಲ್ಲಾ ಚೆಲ್ಲಿದೇನಽ? ಚೆಲ್ಲು, ಚೆಲ್ಲು. ನಿಮ್ಮಪ್ಪ ಬಳೀತಾನ," ಎಂದು ನಗುತ್ತಿದ್ದರು. ನಾನು ಬಳಿಯುತ್ತಿದ್ದೆ. ಆದರೆ ಸಂಜೆ ಕೂಸನ್ನು ಒಪ್ಪಿಸುವಾಗ ದಿನವೂ ಅದೇ ಮಾತು, "ಬಾಯಿ ನೋಡವ್ವಾ." ನನ್ನ ಹೆಂಡತಿ ದಿನವೂ ದೀಪದ ಹತ್ತಿರ ಹೋಗಿ, ಕೂಸಿನ ಬಾಯಿ ತೆರೆದು ತೋರಿಸಿ, "ಏನಿಲ್ರಿ" ಎನ್ನುತ್ತಿದ್ದಳು. ಆಮೇಲೇ ಅಕ್ಕಾರು ಒಳಗೆ ಹೋಗುತ್ತಿದ್ದರು.

ಒಮ್ಮೆ ನನ್ನ ಭಾವಮೈದುನ ಕಲಘಟಗಿಯಿಂದ ಅರಗಿನ ಬಣ್ಣದ ಮರದ ಗಿಲಕಿ ತಂದ. ನಮ್ಮ ಕೋಣೆಯಲ್ಲಿ ಶಾಂತಿ ಅದನ್ನು ಒಮ್ಮೆ ಅಲ್ಲಾಡಿಸಿದ್ದಷ್ಟೇ. ಪಡಸಾಲೆಯಲ್ಲಿ ಏನೋ ಬಿದ್ದಂತಾಯಿತು. ಹೋಗಿ ನೋಡಿದರೆ ಅಕ್ಕಾರು ಕಣಜದ ಕೆಳಗೆ ಕೈ ಹಾಕಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ ಮಲಗಿ, ಕತ್ತಲಲ್ಲಿ ತಡವುತ್ತಿದ್ದರು. ಹಿತ್ತಲ ಬಾಗಿಲಿನಲ್ಲಿ ಯಜಮಾನರು ನಿಂತಿದ್ದರು. ಅವರೂ ಕೇಳಿದ್ದರು.

"ಇಕೀನ, ಏಳು," ಎಂದರು. "ಬುರಡಿ ನಾ ತಂದಿದ್ದೆ. ನೀ ಏಳು."

ಅವರು ನನ್ನೆದುರಿಗೆ ಆಡಿದ ಮಾತುಗಳಲ್ಲಿ ನೆನಪಿರುವುದು ಅದೊಂದೇ. ಅಷ್ಟು ಹೇಳಿಯೂ ಅವರು ಪಡಸಾಲೆಗೆ ಕಾಲಿಡಲಿಲ್ಲ. ಗಿಲಕಿಯನ್ನು ನನ್ನ ಹೆಂಡತಿ ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದಳು.

ಪತ್ತಾರನ ಪಾಡನ್ನು ಈಗ ಹೇಳಬೇಕು. ಅಕ್ಕಾರು ವರ್ಷಕ್ಕೊಮ್ಮೆ, ಕೂಸು ಹೋದ ದಿನ ಬಂದಾಗ, ಅವನ ಅಂಗಡಿಯ ಕಟ್ಟೆಗೆ ಹೋಗಿ ನಿಲ್ಲುತ್ತಿದ್ದರು. "ಅವತ್ತ ಎಷ್ಟ ಕೊಟ್ಟಿದ್ದಿ?" ಎಂದು ಕೇಳುತ್ತಿದ್ದರು.

"ಮೊದಲ ವರ್ಸ ಖರೇ ಹೇಳಿದೆ ನೋಡ್ರಿ, ಮಾಸ್ತರ," ಎಂದು ಅವನೇ ನನಗೆ ಹೇಳಿದ್ದ. "ತುಂಬ ಹಿಡಿ ಕೊಟ್ಟಿದ್ನಿ ಅಂದೆ. ಅವರ ಮಾರಿ ನೋಡಾಕ ಆಗಲಿಲ್ಲ. ಮರು ವರ್ಸ, ಹಿಡಿ ಪೂರಾ ತುಂಬಿದ್ದಿಲ್ಲ ಬಿಡ್ರಿ ಅಂದೆ. ಅದರ ಮುಂದ ಅರ್ಧಾ ಹಿಡಿ ಅಂದೆ. ಹಂಗಽ ಇಳಕೊಂತ ಬಂದೇನಿ. ಈಗ ಚಿಟಿಕಿಗಿ ಬಂದು ನಿಂತೈತಿ. ಇನ್ನೊಂದ ವರ್ಸ ಹ್ವಾದ್ರ, ನಾ ಏನೂ ಕೊಟ್ಟಽ ಇಲ್ಲ ಅನ್ನೂ ಪಾಳಿ ಬರತೈತಿ. ಬಂಗಾರದಾಗ ಗುಂಜಿ ಹೆಚ್ಚುಕಡಿಮಿ ಮಾಡಿದವನಲ್ರಿ ನಾ."

ಊರಿನ ತೂಕ ಹಿಡಿದಿದ್ದ ಮನುಷ್ಯ ಹೀಗೆ ಒಂದು ಹಿಡಿಯನ್ನು ಇಪ್ಪತ್ತು ವರ್ಷ ಕರುಣೆಯಿಂದ ಕರಗಿಸುತ್ತ ಬಂದಿದ್ದ. ಅಕ್ಕಾರು ಅವನ ಮಾತನ್ನು ಪ್ರತಿವರ್ಷ ಕೊನೆಯ ತನಕ ಕೇಳಿ, ತಲೆಯಾಡಿಸಿ ಬರುತ್ತಿದ್ದರು.

ಶಾಂತಿಗೆ ಮೂರು ತುಂಬುವ ಹೊತ್ತಿಗೆ ನನಗೆ ಹಿರೇಕೆರೂರಿಗೆ ವರ್ಗವಾಯಿತು. ಬಾಗಿಲಲ್ಲಿ ಗಾಡಿ ನಿಂತಿತ್ತು. ಸಾಮಾನು ಏರಿತ್ತು. ಅಕ್ಕಾರು ಒಳಗಿನಿಂದ ಒಂದು ಪುಟ್ಟ ಕುಡಿಕೆ ತಂದು ಕಲ್ಲುಹಾಸಿನ ಮೇಲೆ ಕುಳಿತರು. ಸೆರಗು ಹಾಸಿ ಸುರಿದರು. ಗುಲಗಂಜಿ. ಕರಿಯ ಕಣ್ಣಿನ ಕೆಂಪು ಕಾಳುಗಳು ಉರುಳಿ ನಿಂತವು.

"ಮಾಸ್ತರ, ನೀವು ಲೆಕ್ಕಾ ಕಲಸಾವ್ರು. ಪತ್ತಾರ ಸುಳ್ಳ ಹೇಳತಾನ. ನನ್ನ ಸಲುವಾಗಿ ಹೇಳತಾನ, ನನಗ ಗೊತ್ತೈತಿ. ಮೊದಲ ವರ್ಸ ಹೇಳಿದ್ದು ಖರೇ. ತುಂಬ ಹಿಡಿ. ನೆಲದಾಗಿಂದ ಆರಿಸಿದ್ದು ಇಷ್ಟು. ಎಲ್ಲಾ ಅದಾವೇನ್ರಿ?"

"ಎಣಿಸಿ ನೋಡೀರೇನ್ರಿ?"

"ದಿನಾ ಎಣಸತೇನಿ. ಇದ್ದದ್ದ ಎಣಸಬೌದು. ಇಲ್ಲದ್ದ ಹೆಂಗ ಎಣಸೂದ್ರಿ?"

ಅಂಥ ಲೆಕ್ಕ ಯಾವ ಇಯತ್ತೆಯ ಪುಸ್ತಕದಲ್ಲಿಯೂ ಇರಲಿಲ್ಲ. ಹೆಂಡತಿಯ ಕಡೆಗೆ ನೋಡಿದೆ. ಅವಳು ಕಣ್ಣಲ್ಲೇ ಏನೋ ಹೇಳಿದಳು. ಏನಾದರೂ ಮಾಡಿರಿ ಎಂದಿರಬೇಕು. ನಾನು ಬಗ್ಗಿ, ಆ ಕಾಳುಗಳನ್ನೆಲ್ಲ ಬಲಗೈಯಲ್ಲಿ ಬಳಿದು ಮುಷ್ಟಿ ಮಾಡಿದೆ. ಬೆರಳುಗಳನ್ನು ಬೇಕಾದಷ್ಟು ಬಿಗಿದೆ. ಕೈ ತುಂಬಿ ಕಂಡಿತು. ಸೆರಗಿನ ಮೇಲೆ ಒಂದು ಕಾಳೂ ಉಳಿಯಲಿಲ್ಲ.

"ನೋಡ್ರಿ, ಅಕ್ಕಾರ. ಬರೋಬ್ಬರಿ ಒಂದು ಹಿಡಿ. ಒಂದೂ ಕಡಿಮಿ ಇಲ್ಲ."

ಅಕ್ಕಾರು ನನ್ನ ಮುಷ್ಟಿಯನ್ನು ನೋಡಿದರು. ಆ ಕಡೆಯಿಂದ, ಈ ಕಡೆಯಿಂದ ನೋಡಿದರು. ಆಮೇಲೆ ಮಣಿಕಟ್ಟನ್ನು ಹಿಡಿದು, ಬಹಳ ಮೃದುವಾಗಿ ಕುಡಿಕೆಯ ಮೇಲೆ ತಂದರು.

"ನಿಮ್ಮ ಕೈ ಸಣ್ದೈತ್ರಿ, ಮಾಸ್ತರ," ಎಂದರು. "ಪತ್ತಾರಂದು ದೊಡ್ಡ ಕೈ."

ಕಾಳುಗಳನ್ನು ಕುಡಿಕೆಗೆ ಬಿಟ್ಟೆ. ಅಕ್ಕಾರು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸಂದಿಯಲ್ಲಿ ಏನೂ ಉಳಿದಿಲ್ಲವೆಂದು ನೋಡಿಕೊಂಡರು. ಕುಡಿಕೆಯ ಬಾಯಿಗೆ ಬಟ್ಟೆ ಕಟ್ಟಿ, ಎದ್ದು, ಯಾವ ಕೂಸು ಕೈ ಚಾಚಿದರೂ ಎಟುಕದ ಎತ್ತರದ ಗೂಡಿನಲ್ಲಿ ಇಟ್ಟು ಬಂದು ಕುಳಿತರು.

ಶಾಂತಿ ಆ ಕೆಂಪನ್ನು ನೋಡಿಬಿಟ್ಟಿದ್ದಳು. "ನಂಗ, ನಂಗ" ಎಂದು ಅಕ್ಕಾರ ಮಡಿಲೇರಿ ಅವರ ಬಲಗೈ ಹಿಡಿದಳು. ಅದು ಮುಷ್ಟಿ ಕಟ್ಟಿತ್ತು. ಒಂದು ಕಾಳು ಅದರೊಳಗೆ ಉಳಿದಿದೆಯೆಂದೇ ಅವಳ ನಂಬಿಕೆ. ಕಿರುಬೆರಳಿನಿಂದ ಶುರು ಮಾಡಿ, ಏದುಸಿರು ಬಿಡುತ್ತ ಒಂದೊಂದೇ ಬೆರಳನ್ನು ಬಿಡಿಸಿದಳು. ಅಂಗೈ ಖಾಲಿ. ಶಾಂತಿಗೆ ನಗು ಬಂತು. ಬೆರಳುಗಳನ್ನು ತಾನೇ ಮಡಚಿ ಮತ್ತೆ ಬಿಡಿಸಿದಳು. ಮತ್ತೂ ಖಾಲಿ.

ಗಾಡಿಯವನು ಹೊರಗಿನಿಂದ ಕೂಗಿದ. ನನ್ನ ಹೆಂಡತಿ ಕೂಸನ್ನು ಎತ್ತಿಕೊಳ್ಳಲು ಬಗ್ಗಿದಳು.

"ತಡಿ, ತಂಗಿ," ಎಂದರು ಅಕ್ಕಾರು. ಅವರು ನಮ್ಮ ಯಾರ ಕಡೆಗೂ ನೋಡುತ್ತಿರಲಿಲ್ಲ. "ಏನಾರ ಐತೇನವ್ವಾ, ಶಾಂತವ್ವಾ? ನೀನಽ ನೋಡಿ ಹೇಳು."

ಶಾಂತಿ ಆ ಅಂಗೈಗೆ ಮೂಗು ತಾಗಿಸಿ ನೋಡಿದಳು. ನಾಲಿಗೆ ಚಾಚಿ ನೆಕ್ಕಿಯೂ ನೋಡಿದಳು.

"ಇಲ್ಲ," ಎಂದಳು.

ಅಕ್ಕಾರು ಮುಷ್ಟಿ ಮುಚ್ಚಿ ಮತ್ತೆ ಅವಳ ಮುಂದೆ ಹಿಡಿದರು.

"ಇನ್ನೊಮ್ಮಿ ನೋಡು," ಎಂದರು.